ಮೂರು ಬೆರಳಗಲ

ಧೋಬಿ ತಲಾವಿನ ಹಿಂದೆ, ಕಾವೇಲ್ ಗಲ್ಲಿಯಲ್ಲಿ,
ಮೂರನೇ ಮಾಳಿಗೆಯ ಔರೇಲಿಯಾ ಬಾಯಿ
ಕಪಾಟಿನೊಳಗೆ ಹಗಲೂ ರಾತ್ರಿ ಒಂದು ಬಲ್ಬು ಉರಿಸುತ್ತಿದ್ದಳು.
ರೇಷ್ಮೆಗಲ್ಲ, ಬೆಳ್ಳಿಗಲ್ಲ.
ಗಿಟಾರಿಗೆ.

ನಲವತ್ತೆರಡು ಮಳೆಗಾಲ.
ಜೂನ್ ಬಂತೆಂದರೆ ತಂತಿ ಸಡಿಲಿಸಿ,
ಹಳೆಯ ಮೇಜುವಸ್ತ್ರದಲ್ಲಿ ಸುತ್ತಿ,
ಹದಿನೈದು ವ್ಯಾಟಿನ ಬೆಚ್ಚಗೆಯಲ್ಲಿ ಅದನ್ನು ಮಲಗಿಸಿ
ತಾನು ಮಾತ್ರ ತೇವ ಕುಡಿದ ಗೋಡೆಗೆ ಬೆನ್ನು ಕೊಟ್ಟು
ಕೆಮ್ಮುತ್ತ ಕೂರುತ್ತಿದ್ದಳು.

ನಾನು ಪಾಲಿಶ್‌ನವನು. ಸಿಂದಗಿ ಕಡೆಯವನು.
ಆ ಗಲ್ಲಿಯ ಅರ್ಧ ಮೇಜು ಕುರ್ಚಿ
ನನ್ನ ಕೈಯಲ್ಲೇ ಮಿಂಚಿದ್ದು.
ಅರಗಿನ ಚಕ್ಕೆ, ಸ್ಪಿರಿಟ್ಟು, ಮಲ್ಮಲ್ಲಿನ ಉಂಡೆ,
ಅಷ್ಟೇ ಆಸ್ತಿ.
‘ಮರಕ್ಕ ಯಾವಾಗ ನೀರಡಸ್ತದ
ಬಟ್ಟಿಗೆ ಗೊತ್ತಾಗ್ತದ’ ಅನ್ನುತ್ತಿದ್ದ
ಕೆಲಸ ಕಲಿಸಿದ ಮಾಮಾ.

ಆವತ್ತು ಮಂಚದ ಮೇಲಿಟ್ಟು ಪೆಟ್ಟಿಗೆ ತೆರೆದಳು.
ಎದೆಯ ಹಲಗೆ ಹಳೇ ಜೇನಿನ ಬಣ್ಣಕ್ಕೆ ಮಾಗಿತ್ತು,
ಬೆನ್ನು ಹುರಿದ ಕಾಫಿ ಬೀಜ.
ತೂತಿನ ಸುತ್ತ ಕಪ್ಪೆಚಿಪ್ಪಿನ ಚೂರುಗಳ ಬಳೆ,
ಒಂದೂ ಉದುರಿಲ್ಲ.
ಹೆಬ್ಬೆರಳು ಸವರಿದಲ್ಲಿ ಬಣ್ಣ ಸವೆದು
ಕೂಸಿನ ಅಂಗಾಲಿನಷ್ಟು ತಿಳಿ.

ನನ್ನ ಕೈ ಸುಮ್ಮನಿರಲಿಲ್ಲ.
‘ಪೂರಾ ಮಾಡಲೇ? ಕನ್ನಡಿ ಮಾಡಿಕೊಡುತ್ತೇನೆ.’
ಬೇಡ ಎಂದಳು. ಮಗುಚಿ ತೋರಿಸಿದಳು:
ಬೆನ್ನಿನ ಮೇಲೆ, ಮೂರು ಬೆರಳಗಲ,
ಬೆಲ್ಟಿನ ಬಕಲ್ಲು ತೀಡಿ ತೀಡಿ ಎಬ್ಬಿಸಿದ ಗೀರು.
‘ಇದೊಂದು ಹೋಗಲಿ.’

ಯಾರ ಬಕಲ್ಲು ಎಂದು ನಾನು ಕೇಳಲಿಲ್ಲ.
ಮರದ ಕೆಲಸದವನು ಕೇಳಬಾರದ್ದು ಎರಡು:
ಮಂಚ ಯಾಕೆ ಮುರಿಯಿತು,
ಗೀರು ಯಾರದು.

ಎರಡು ಮಧ್ಯಾಹ್ನ ಹಿಡಿಯಿತು.
ಇಂಗ್ಲಿಷಿನ ಎಂಟು ಬರೆದಂತೆ ಬಟ್ಟೆ ತಿರುಗಿಸುತ್ತ
ಒಂದರ ಮೇಲೊಂದು ಉಸಿರಿನಷ್ಟು ಪದರ.
ಪಕ್ಕದಲ್ಲೇ ಕೂತು ಬಟಾಣಿ ಸುಲಿಯುತ್ತಿದ್ದಳು,
ಕಣ್ಣು ನನ್ನ ಕೈಯ ಮೇಲಲ್ಲ, ಗೀರುಗಳ ಮೇಲೆ.
ಕೊನೆಯದು ಮುಳುಗಿದಾಗ
ಬಟ್ಟಲು ಅರ್ಧಕ್ಕೇ ಬಿಟ್ಟು ಎದ್ದು ಹೋದಳು.
ಎಂಟುನೂರು ಕೊಟ್ಟಳು, ಎಣಿಸದೆ.

ಶನಿವಾರ ಪುಣೆಯ ಕ್ಯಾಂಪಿನಿಂದ ಹೊಶಂಗ್ ಸೇಠ್ ಬಂದ.
ಮನೆಯಲ್ಲಿ ಹತ್ತೊಂಬತ್ತು ಗಿಟಾರಂತೆ, ಗಾಜಿನ ಬೀರುವಿನಲ್ಲಿ.
ಒಂದನ್ನೂ ನುಡಿಸಲು ಬರುವುದಿಲ್ಲ,
ಅದನ್ನು ಹೇಳಲು ನಾಚಿಕೆಯೂ ಇಲ್ಲ.
ಹಲ್ಲಿನ ಡಾಕ್ಟರರ ಪುಟ್ಟ ಕನ್ನಡಿ, ಪೆನ್ನಿನಂಥ ಟಾರ್ಚು.
ತೂತಿನೊಳಗಿನ ಚೀಟಿ ಓದಿದ, ನಂಬರು ಓದಿದ,
ಒಣಗಿದ ಅಂಟಿನ ತೊಟ್ಟು ನೋಡಿ
‘ಯಾರೂ ಬಿಚ್ಚಿಲ್ಲ, ಯಾರೂ ಬಿಚ್ಚಿಲ್ಲ’ ಎಂದು ಪಿಸುಗುಟ್ಟಿದ.
ಹೆಬ್ಬೆರಳ ಸವೆತಕ್ಕೆ ಕೈ ಮುಗಿಯುವುದೊಂದು ಬಾಕಿ.
ಸಡಿಲ ತಂತಿ ಕೊರ್ರೆಂದಿತು,
ಅದೂ ಅವನಿಗೆ ಇಂಪು.

ಆಮೇಲೆ ಮಗುಚಿದ.
ಟಾರ್ಚಿನ ಬೆಳಕು ನನ್ನ ಮೂರು ಬೆರಳಗಲದ ಮೇಲೆ
ಕಾಲು ಜಾರಿತು.
‘ಇಲ್ಲಿ ಯಾರು ಮುಟ್ಟಿದ್ದು?’
ಸಾವಿನ ಮನೆಗೆ ಬಂದವನ ಮುಖ.
‘ಗೀರಿತ್ತೇ? ಇರಲಿ ಬಿಡಬೇಕಿತ್ತು!
ಒಬ್ಬ ಇದನ್ನು ಅವುಚಿಕೊಂಡು ನುಡಿಸಿದ್ದಕ್ಕೆ
ಅದೇ ಅಲ್ಲವೇ ಸಾಕ್ಷಿ?’
ಲೆಕ್ಕ ಹಾಕಿದ. ನಲವತ್ತು ಸಾವಿರ ಕಡಿಮೆ.

ಪೆಟ್ಟಿಗೆ ಇಳಿಸಲು ಕರೆಸಿದ್ದಳು ನನ್ನನ್ನು.
ಬಾಗಿಲ ಬಳಿ ನಿಂತಿದ್ದೆ, ನೆಲ ಬಾಯಿ ಬಿಡಲಿ ಎಂದು.

ಮೀನಿನವಳ ಹತ್ತಿರ ಐದು ರೂಪಾಯಿಗೆ
ಅರ್ಧ ಗಂಟೆ ಜಗಳ ಕಾಯುವ ಔರೇಲಿಯಾ ಬಾಯಿ
‘ಆಗಲಿ’ ಎಂದಳು.
ನಲವತ್ತು ಸಾವಿರ,
ಮತ್ತು ನನ್ನ ಎಂಟುನೂರು.

ಟ್ಯಾಕ್ಸಿಯಲ್ಲಿ ಅವನು ಅದಕ್ಕೆ ಸೀಟ್ ಬೆಲ್ಟು ಹಾಕಿದ,
ತನಗೆ ಹಾಕಿಕೊಳ್ಳಲಿಲ್ಲ.
ಈಗ ಅದು ಇಪ್ಪತ್ತನೆಯದು.
ಬಂದವರಿಗೆ ಹೇಳುತ್ತಿರಬಹುದು:
ಎಲ್ಲ ಅಸಲಿ, ಇಷ್ಟು ಬಿಟ್ಟು.
ಆ ‘ಇಷ್ಟು’ ನಾನು.

ಮೊನ್ನೆ ಅವಳ ಊಟದ ಮೇಜಿಗೆ ಹೋಗಿದ್ದೆ.
ಕಪಾಟು ತೆರೆದಿತ್ತು. ಬಲ್ಬು ಉರಿಯುತ್ತಲೇ ಇತ್ತು,
ಅದರ ಕೆಳಗೆ ಒಣ ಸಿಗಡಿಯ ಡಬ್ಬಿ,
ಒಂದು ಜೊತೆ ಒದ್ದೆ ಕಾಲುಚೀಲ.
‘ಇದನ್ನು ಪೂರಾ ಮಾಡು’ ಎಂದಳು, ಮೇಜು ತಟ್ಟಿ.
‘ಕನ್ನಡಿ ಮಾಡು.’